ಮದುವೆಗೆ ವಾಟ್ಸಾಪ್‌ನಲ್ಲಿ ಕರೆದರೆ ಕರೆದ ಹಾಗಲ್ವಾ?

ಪ್ರಶ್ನೆ: ತಿಪಟೂರು ಕಡೆಯವ

ಎಲ್ಲರಿಗೂ ನಮಸ್ಕಾರ. ತಂಗಿಯ ಮದುವೆ ಗೊತ್ತಾಗಿದೆ. ಮುಹೂರ್ತ ತಿಪಟೂರಿನಲ್ಲೇ, ಹಿಂದಿನ ದಿನ ಸಂಜೆ ಆರತಕ್ಷತೆ. ಅಪ್ಪನಿಗೆ ಮಂಡಿನೋವು, ಬಸ್ಸು ಹತ್ತಿ ಇಳಿಯುವುದೇ ಕಷ್ಟ. ನನಗೆ ಬೆಂಗಳೂರಿನಲ್ಲಿ ಕೆಲಸ, ರಜೆ ಸಿಗುವುದು ಮದುವೆ ವಾರಕ್ಕೆ ಮಾತ್ರ. ನೆಂಟರೆಲ್ಲ ಒಂದೇ ಕಡೆ ಇದ್ದಿದ್ದರೆ ಹೇಗೋ ಆಗುತ್ತಿತ್ತು. ಅರಸೀಕೆರೆ, ಕಡೂರು, ಹಿರಿಯೂರು, ಮೈಸೂರು, ಸಾಲದ್ದಕ್ಕೆ ಬೆಂಗಳೂರಿನಲ್ಲೇ ಕೆಂಗೇರಿಯಿಂದ ಯಲಹಂಕದ ತನಕ ಹರಡಿಕೊಂಡಿದ್ದಾರೆ.

ಹಾಗಾಗಿ ಪತ್ರಿಕೆ ಸ್ವಲ್ಪ ಮಾತ್ರ ಅಚ್ಚು ಹಾಕಿಸಿದೆವು. ಉಳಿದವರಿಗೆ ನಾದಸ್ವರ ಹಿನ್ನೆಲೆ ಇರುವ ಒಂದು ವಿಡಿಯೋ, ಜೊತೆಗೆ ಪತ್ರಿಕೆಯ ಪಿಡಿಎಫ್, ಕೆಳಗೆ ಛತ್ರದ ಗೂಗಲ್ ಮ್ಯಾಪ್ ಲಿಂಕ್. ಮನೆಯವರ ಗ್ರೂಪಿಗೂ ಹಾಕಿದೆ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿಯೂ ಕಳಿಸಿದೆ. ಚೆನ್ನಾಗಿಯೇ ಬಂದಿತ್ತು, ನಾಲ್ಕು ಜನ ಹೊಗಳಿದರು ಕೂಡ.

ಮಾರನೇ ದಿನ ದೊಡ್ಡಪ್ಪ ಒಂದು ಮಾತೂ ಆಡದೆ ಗ್ರೂಪ್ ಬಿಟ್ಟು ಹೋದರು. ಅತ್ತೆ ಅಮ್ಮನಿಗೆ ಫೋನ್ ಮಾಡಿ "ನಮ್ಮನೆ ದಾರಿ ಮರೆತುಹೋಯ್ತಾ?" ಅಂತ ಕೇಳಿದರು. ಅಮ್ಮ ಆವತ್ತಿಡೀ ಸರಿಯಾಗಿ ಊಟ ಮಾಡಲಿಲ್ಲ. ನನಗೆ ಅರ್ಥವಾಗದೇ ಇರುವುದು ಏನೆಂದರೆ, ಇದೇ ದೊಡ್ಡಪ್ಪ ದಿನಾ ಬೆಳಿಗ್ಗೆ ಐದೂವರೆಗೆ ಗುಲಾಬಿ ಹೂವಿನ ಚಿತ್ರದ ಜೊತೆ ಶುಭೋದಯ ಕಳಿಸುತ್ತಾರೆ. ಹಾಲಿನವನಿಗೆ ಫೋನ್‌ಪೇ ಮಾಡುತ್ತಾರೆ. ಕೊಬ್ಬರಿ ರೇಟು ನೋಡುವುದು ಮೊಬೈಲಿನಲ್ಲೇ. ಎಲ್ಲಕ್ಕೂ ಮೊಬೈಲ್ ಆಗುತ್ತೆ, ಮದುವೆ ಕರೆಯೋದಕ್ಕೆ ಮಾತ್ರ ಆಗಲ್ವಾ?

ಯಾರ ಮನೆಗೆ ಖುದ್ದು ಹೋಗಲೇಬೇಕು, ಯಾರಿಗೆ ಫೋನ್ ಸಾಕು, ಯಾರಿಗೆ ಮೆಸೇಜ್ ಸಾಕು? ಇನ್ನೊಂದು, ಮುಯ್ಯಿಗೆ ಛತ್ರದಲ್ಲಿ ಕ್ಯೂಆರ್ ಕೋಡ್ ಇಡೋಣ ಅಂತ ಗೆಳೆಯರು ಹೇಳುತ್ತಿದ್ದಾರೆ. ಇಡಬಹುದಾ, ಮರ್ಯಾದೆ ಹೋಗುತ್ತಾ? ನೇರವಾಗಿ ಹೇಳಿ.

ಉತ್ತರ: ಹಳೇ ಪೋಸ್ಟ್‌ಮಾಸ್ಟರ್

ನೇರವಾಗಿ ಹೇಳು ಅಂದಿದ್ದೀರಿ, ಹೇಳುತ್ತೇನೆ. ಮದುವೆ ಯಾವತ್ತು, ಯಾವ ಛತ್ರ ಅನ್ನೋದು ನಿಮ್ಮ ದೊಡ್ಡಪ್ಪನಿಗೆ ಪತ್ರಿಕೆ ಅಚ್ಚಾಗುವ ಮುಂಚೆಯೇ ಗೊತ್ತಿರುತ್ತೆ. ಯಾರೋ ಒಬ್ಬರು ಹೇಳಿಯೇ ಹೇಳಿರುತ್ತಾರೆ. ಅದನ್ನು ತಿಳಿಸೋಕೆ ಅಂತ ಯಾರೂ ಯಾರ ಮನೆಗೂ ಹೋಗುವುದಿಲ್ಲ ತಮ್ಮಾ. ಮದುವೆ ಕರೆಯೋಕೆ ಬಂದವರನ್ನು ಯಾರೂ ಬಾಗಿಲಿಂದ ಹಾಗೇ ಕಳಿಸೋಲ್ಲ. ಅದೇ ಅದರ ಲಾಭ. ಎರಡು ವರ್ಷದಿಂದ ಮಾತು ಬಿಟ್ಟ ಅಣ್ಣ ತಮ್ಮಂದಿರು ಕೂಡ ಪತ್ರಿಕೆ ತಟ್ಟೆಯಲ್ಲಿಟ್ಟುಕೊಂಡು ಬಂದರೆ ಚಾಪೆ ಹಾಸಲೇಬೇಕು, ಕಾಫಿ ಕೊಡಲೇಬೇಕು. ಕಾಫಿ ಆರುವಷ್ಟರಲ್ಲಿ ಆ ಬದುವಿನ ಜಗಳ, ಆ ತೆಂಗಿನಮರದ ಜಗಳ ಅರ್ಧ ಮುಗಿದಿರುತ್ತೆ. ನಿಮ್ಮ ದೊಡ್ಡಪ್ಪನ ಮತ್ತು ಅಪ್ಪನ ನಡುವೆ ಹಳೇದು ಏನಾದರೂ ಇದೆಯಾ? ಒಮ್ಮೆ ಅಮ್ಮನ ಹತ್ತಿರ ಕೇಳಿ ನೋಡಿ.

ಆದರೆ ಹಿಂದಿನ ಕಾಲದಲ್ಲಿ ಎಲ್ಲ ಸರಿ ಇತ್ತು ಅನ್ನುವವನಲ್ಲ ನಾನು. ಅಂಚೆ ಇಲಾಖೆಯಲ್ಲೇ ಸರ್ವಿಸ್ ಮಾಡಿದವನು. ಅಂಚೆಯಲ್ಲಿ ಪತ್ರಿಕೆ ಬಂದರೂ ಜನ ಹೀಗೇ ಮುನಿಸಿಕೊಳ್ಳುತ್ತಿದ್ದರು, "ಸ್ಟಾಂಪು ಹಚ್ಚಿ ಕರೆದವರ ಮದುವೆಗೆ ಸ್ಟಾಂಪು ಹಚ್ಚಿಯೇ ಹೋಗಬೇಕು" ಅಂತ ಗೊಣಗಿದ್ದನ್ನು ಕೇಳಿದ್ದೇನೆ. ಅದಕ್ಕೇ ಪತ್ರಿಕೆಯ ಕೆಳಗೆ "ಖುದ್ದಾಗಿ ಬಂದು ಕರೆಯಲಾಗಲಿಲ್ಲ, ಇದನ್ನೇ ಖುದ್ದು ಕರೆ ಎಂದು ಭಾವಿಸಿ" ಅಂತ ಒಂದು ಸಾಲು ಹಾಕಿಸುತ್ತಿದ್ದರು. ಬರಲಾಗದವರು ಮುಹೂರ್ತದ ಹೊತ್ತಿಗೆ ಟೆಲಿಗ್ರಾಂ ಕೊಡುತ್ತಿದ್ದರು. ಶುಭಾಶಯಕ್ಕೆ ಮೊದಲೇ ಬರೆದಿಟ್ಟ ವಾಕ್ಯಗಳು ಇರುತ್ತಿದ್ದವು, ಒಂದೊಂದಕ್ಕೂ ಒಂದು ನಂಬರು. ನಂಬರು ಹೇಳಿದರೆ ಆಯಿತು, ಆ ಕಡೆ ಪೂರ್ತಿ ಆಶೀರ್ವಾದ ತಲುಪುತ್ತಿತ್ತು. ಈಗ ನೀವು ಎರಡು ಕೈ ಮುಗಿದ ಚಿತ್ರ ಒತ್ತುತ್ತೀರಲ್ಲ, ಅದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ನನಗೆ ಕಾಣೋದಿಲ್ಲ. ಟೆಲಿಗ್ರಾಂ 2013ರ ಜುಲೈನಲ್ಲಿ ನಿಂತಿತು. ಅದು ನಿಂತಾಗ ಅತ್ತವರಲ್ಲಿ ಜಾಸ್ತಿ ಜನ ಅದನ್ನು ಬಳಸುವುದು ಬಿಟ್ಟು ಎಷ್ಟೋ ವರ್ಷವಾಗಿತ್ತು.

ದೊಡ್ಡಪ್ಪನ ಮನೆಗೆ ಹೋಗಿ ಬನ್ನಿ. ಅಪ್ಪನನ್ನು ಕಾರಿನಲ್ಲಿ ಕರೆದುಕೊಂಡು ಹೋಗಿ. ಅಣ್ಣನ ಮನೆಗೆ ತಮ್ಮ ಹೋಗದೆ ಮಗನನ್ನು ಕಳಿಸಿದರೆ ಅದು ಬೇರೆ ಕಥೆಯಾಗುತ್ತೆ.

ಉತ್ತರ: ಮೈಸೂರಿನಾಕೆ

ಮೇಲಿನವರು ಹೇಳಿದ್ದು ಸರಿ, ಆದರೆ ಮನೆಗೆ ಬಂದು ಕರೆಯುವುದು ಎಲ್ಲರಿಗೂ ಒಂದೇ ಥರ ಇರಲಿಲ್ಲ. ನಮ್ಮಪ್ಪ ತೀರಿಕೊಂಡಾಗ ನಾನು ಎಂಟನೇ ಕ್ಲಾಸು. ಆಮೇಲೆ ಯಾರಾದರೂ ಮದುವೆ ಕರೆಯೋಕೆ ಬಂದರೆ ಏನಾಗುತ್ತಿತ್ತು ಗೊತ್ತಾ? ಕುಂಕುಮದ ಬಟ್ಟಲು ಹಿಡಿದ ಹೆಂಗಸರು ಮೊದಲು ನಮ್ಮ ಚಿಕ್ಕಮ್ಮನನ್ನು ಹುಡುಕುತ್ತಿದ್ದರು. ಅವರ ಕೈಗೆ ಕುಂಕುಮ, ಅವರ ಕೈಗೆ ಪತ್ರಿಕೆ. ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಿರುತ್ತಿದ್ದರು. ಹೊರಡುವಾಗ ಅವರ ಕಡೆ ತಿರುಗಿ "ನೀವೂ ಬನ್ನಿ" ಅಂದರೆ ಅದೇ ದೊಡ್ಡದು. ಬೈದರು, ಕೀಳಾಗಿ ನಡೆಸಿಕೊಂಡರು ಅಂತಲ್ಲ. ಒಳ್ಳೆಯ ಜನವೇ. ಸುಮ್ನೆ ಆ ಬಟ್ಟಲು ಅಮ್ಮನ ಹತ್ತಿರ ಬರುತ್ತಿರಲಿಲ್ಲ ಅಷ್ಟೇ.

ಈಗ ಅಮ್ಮನಿಗೆ ಅವರದೇ ಫೋನ್ ಇದೆ. ಹೋದ ವರ್ಷ ಅವರ ಸೋದರಳಿಯನ ಮಗಳ ಮದುವೆ ಪತ್ರಿಕೆ ನೇರ ಅವರ ನಂಬರಿಗೇ ಬಂತು, ಮೇಲೆ ಅವರ ಹೆಸರು ಟೈಪ್ ಮಾಡಿತ್ತು, ಹುಡುಗಿ ಮಾತಾಡಿದ ಒಂದು ವಾಯ್ಸ್ ಮೆಸೇಜೂ ಇತ್ತು. ಅಮ್ಮ ಅದನ್ನು ಪಕ್ಕದ ಮನೆಯವರಿಗೆಲ್ಲ ಕೇಳಿಸಿದರು. ಆ ಮದುವೆಗೆ ಎರಡು ದಿನ ಮೊದಲೇ ಹೋಗಿ ಕೂತರು. ವಾಟ್ಸಾಪ್ ಅಂದರೆ ಸಂಬಂಧ ಹಾಳು ಅಂತ ಯಾರಾದರೂ ಶುರು ಮಾಡಿದರೆ ನನಗೆ ಇದೇ ನೆನಪಾಗೋದು.

ಇನ್ನೊಂದು ಕಡೆಯೂ ಇದೆ, ಅದನ್ನೂ ಹೇಳಿಬಿಡುತ್ತೇನೆ. ಎಷ್ಟೋ ಮನೆಗಳಲ್ಲಿ ಪಿಡಿಎಫ್ ಹೋಗುವುದು ಗಂಡಸರ ನಂಬರಿಗೆ. ಆತ ನೋಡಿ, ಎರಡು ನೀಲಿ ಗೆರೆ ಬಿದ್ದು, ಮರೆತುಬಿಡುತ್ತಾನೆ. ಮನೆಯಾಕೆಗೆ ಗೊತ್ತಾಗುವುದು ಮದುವೆ ಹಿಂದಿನ ದಿನ, ಸೀರೆಗೆ ಬ್ಲೌಸ್ ಕೂಡ ಹೊಲಿಸಿರುವುದಿಲ್ಲ. ಮೊದಲು ಕುಂಕುಮ ಅಂತ ಬಂದಾಗ ಕನಿಷ್ಠ ಮುತ್ತೈದೆಯರನ್ನಾದರೂ ಅವರ ಎದುರೇ ಕರೆಯುತ್ತಿದ್ದರು. ಆದ್ದರಿಂದ ಪ್ರಶ್ನೆ ಕೇಳಿದವರಿಗೆ ನನ್ನ ಸಲಹೆ ಇಷ್ಟೇ: ಪ್ರತಿ ಮನೆಯ ಹೆಂಗಸರ ನಂಬರ್ ತೆಗೆದುಕೊಳ್ಳಿ, ನಿಮ್ಮ ಅಮ್ಮನೋ ತಂಗಿಯೋ ಅವರಿಗೇ ಫೋನ್ ಮಾಡಲಿ. ನಿಮ್ಮ ಅತ್ತೆಗೆ ಮೆಸೇಜ್ ಕಳಿಸಿದ್ದು ಯಾರ ನಂಬರಿಗೆ, ಅವರದಾ, ಮಾವನದಾ?

ತಿಪಟೂರು ಕಡೆಯವ

ಮಾವನ ನಂಬರಿಗೆ ಮೇಡಂ. ಅತ್ತೆಗೆ ಕೀಪ್ಯಾಡ್ ಫೋನ್ ಮಾತ್ರ ಇರುವುದು. ದೊಡ್ಡಪ್ಪನ ವಿಷಯ ಅಮ್ಮನ ಹತ್ತಿರ ಕೇಳಿದೆ, ಸರ್ ಹೇಳಿದ ಹಾಗೆ ಹಳೇದು ಒಂದು ಇದೆ, ಪಂಪ್‌ಸೆಟ್ ವಿಷಯ. ನನಗೆ ಯಾರೂ ಹೇಳಿಯೇ ಇರಲಿಲ್ಲ.

ಇನ್ನೊಂದು ತಮಾಷೆ ಕೇಳಿ. ಗ್ರೂಪಿನಲ್ಲಿ ನಮ್ಮ ಮದುವೆ ವಿಡಿಯೋ ಹಾಕಿದ ಹತ್ತು ನಿಮಿಷಕ್ಕೆ ಇನ್ನೊಬ್ಬರು ದೂರದ ನೆಂಟರು ತೀರಿಕೊಂಡ ಸುದ್ದಿ ಹಾಕಿದರು. ಕೆಳಗೆ ಬಂದವರೆಲ್ಲ ಯಾವುದಕ್ಕೆ ಏನು ಹಾಕುತ್ತಿದ್ದೇವೆ ಅಂತ ನೋಡಲಿಲ್ಲ. ತಂಗಿಯ ಮದುವೆಗೆ ನಾಲ್ಕು ಓಂ ಶಾಂತಿ, ತೀರಿಕೊಂಡವರಿಗೆ ಎರಡು ಶುಭವಾಗಲಿ.

ಉತ್ತರ: ಅಡುಗೆ ಕಂಟ್ರಾಕ್ಟರ್, ಹಾಸನ

ಓಂ ಶಾಂತಿ ಓದಿ ನಕ್ಕೂ ನಕ್ಕೂ ಸಾಕಾಯ್ತು. ನಾನು ಛತ್ರಗಳಿಗೆ ಅಡುಗೆ ಮಾಡಿಸುವವನು, ನನ್ನ ಕಷ್ಟವೇ ಬೇರೆ. ಈ ವಾಟ್ಸಾಪ್ ಬಂದ ಮೇಲೆ ಎಲೆ ಲೆಕ್ಕ ಹಾಕುವುದು ಜೂಜಾಗಿದೆ.

ಮೊದಲು ಮನೆ ಯಜಮಾನರು ಬಂದು ಕೂತರೆ ಬಾಯಲ್ಲೇ ಲೆಕ್ಕ ಹೇಳುತ್ತಿದ್ದರು. ಈ ಊರಿಂದ ಇಷ್ಟು ಮನೆ, ಆ ಮನೆಯಿಂದ ಗಂಡ ಹೆಂಡತಿ ಇಬ್ಬರೇ, ಇವರು ಆರತಕ್ಷತೆಗೆ ಬರುತ್ತಾರೆ ಮುಹೂರ್ತಕ್ಕೆ ಇರುವುದಿಲ್ಲ, ಅವರ ಮನೆಯಲ್ಲಿ ಸೂತಕ ಯಾರೂ ಬರೋಲ್ಲ. ಮನೆ ಮನೆಗೆ ಹೋಗಿ ಬಂದಿರುತ್ತಿದ್ದರಲ್ಲ, ಎಲ್ಲ ಕಣ್ಣಿಗೆ ಕಟ್ಟಿದ ಹಾಗೆ ಗೊತ್ತಿರುತ್ತಿತ್ತು. ನಾವು ಅದರ ಮೇಲೆ ಸ್ವಲ್ಪ ಜಾಸ್ತಿ ಇಟ್ಟುಕೊಂಡು ತರಕಾರಿ, ಅಕ್ಕಿ, ಎಲೆ ಬರೆದುಕೊಂಡರೆ ಎರಡು ಪಂಕ್ತಿ ಆಚೆ ಈಚೆ ಆಗುತ್ತಿತ್ತು, ಅಷ್ಟೇ.

ಈಗ ಹುಡುಗರು ಮೊಬೈಲ್ ತೋರಿಸುತ್ತಾರೆ. "ಇಷ್ಟು ಜನ ಹೆಬ್ಬೆರಳು ಒತ್ತಿದ್ದಾರೆ ಅಣ್ಣ." ಹೆಬ್ಬೆರಳು ಅಂದರೆ ಬರುತ್ತೇವೆ ಅಂತಲಾ, ನೋಡಿದೆ ಅಂತಲಾ? ಒತ್ತಿದವರು ಬರೋಲ್ಲ, ಒತ್ತದೇ ಇದ್ದವರು ಮನೆಮಂದಿ ಸಮೇತ ಬರುತ್ತಾರೆ. ಆಫೀಸ್ ಗ್ರೂಪಿಗೆ ಒಂದು ಮೆಸೇಜ್ ಹಾಕಿ ನೂರು ಜನ ಬರುತ್ತಾರೆ ಅಂತ ಬರೆಸಿದ ಒಂದು ಆರತಕ್ಷತೆಯಲ್ಲಿ ಹತ್ತು ಜನ ಬಂದರು. ಮಳೆ, ಟ್ರಾಫಿಕ್ಕು ಅಂತ ಉಳಿದವರೆಲ್ಲ ಗ್ರೂಪಿನಲ್ಲೇ ಶುಭಾಶಯ ಹೇಳಿ ಮುಗಿಸಿದರಂತೆ. ಬಿಸಿಬೇಳೆಬಾತು ಡ್ರಮ್ಮಿಗಟ್ಟಲೆ ಉಳಿಯಿತು. ಪಕ್ಕದ ಹಾಸ್ಟೆಲಿಗೆ ಕಳಿಸಿದೆವು.

ನೀವು ಏನೇ ಮಾಡಿ, ಮದುವೆಗೆ ಒಂದು ವಾರ ಮುಂಚೆ ಯಾರಾದರೂ ಒಬ್ಬರು ಫೋನ್ ಹಿಡಿದು ಕೂತು ಮನೆಗೆ ಒಂದರಂತೆ ಕರೆ ಮಾಡಿ. "ರಾತ್ರಿ ಉಳಿಯುತ್ತೀರಾ, ಬೆಳಿಗ್ಗೆ ತಿಂಡಿಗೆ ಇರುತ್ತೀರಾ" ಅಂತ ಕೇಳಿ. ಉಳಿಯುತ್ತೀರಾ ಅಂದಾಗ ಹೊರಬರುವ ಉತ್ತರ ನಿಜವಾಗಿರುತ್ತೆ, ಬರುತ್ತೀರಾ ಅಂದರೆ ಎಲ್ಲರೂ ಹೂಂ ಅಂತಾರೆ.

ಉತ್ತರ: ಮೊಬೈಲ್ ರಿಪೇರಿ ಅಂಗಡಿ

ಟೆಕ್ನಿಕಲ್ ವಿಷಯ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ.

ಎಷ್ಟೋ ಜನ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ ಪತ್ರಿಕೆ ಕಳಿಸುತ್ತಾರೆ. ಒಂದು ಲಿಸ್ಟಿಗೆ 256 ಜನ ಹಿಡಿಸುತ್ತಾರೆ, ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ, ಎಲ್ಲ ಚೆನ್ನಾಗಿದೆ. ಆದರೆ ನಿಮ್ಮ ನಂಬರನ್ನು ಯಾರು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡಿದ್ದಾರೋ ಅವರಿಗೆ ಮಾತ್ರ ಅದು ಹೋಗುತ್ತೆ. ಅಪ್ಪನ ಹಳೇ ಗೆಳೆಯರು ನಿಮ್ಮ ನಂಬರ್ ಯಾಕೆ ಸೇವ್ ಮಾಡಿಕೊಂಡಿರುತ್ತಾರೆ ಹೇಳಿ? ನೀವು ಕರೆದೆ ಅಂದುಕೊಂಡಿರುತ್ತೀರಿ, ಅವರು ಕರೆಯಲೇ ಇಲ್ಲ ಅಂದುಕೊಂಡಿರುತ್ತಾರೆ. ನಮ್ಮ ಅಂಗಡಿಗೆ ಬರುವವರಲ್ಲಿ ಈ ಕಾರಣಕ್ಕೆ ಮಾತು ಬಿಟ್ಟವರಿದ್ದಾರೆ. ಅಪ್ಪನ ಗೆಳೆಯರಿಗೆ ಅಪ್ಪನ ಫೋನಿಂದಲೇ ಕಳಿಸಿ.

ಗ್ರೂಪ್ ಮಾಡಿದರೆ ಎಲ್ಲರಿಗೂ ತಲುಪುತ್ತೆ, ಆದರೆ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತೆ. ಗಂಡಿನ ಕಡೆ, ಹೆಣ್ಣಿನ ಕಡೆ, ಫೋಟೋದವನು, ಹೂವಿನವನು ಎಲ್ಲ ಒಂದೇ ಗ್ರೂಪಿನಲ್ಲಿದ್ದರೆ ಮನೆಯ ಹೆಣ್ಣುಮಕ್ಕಳ ನಂಬರ್ ಯಾರ್ಯಾರ ಕೈಗೋ ಹೋಗುತ್ತೆ. ಮದುವೆ ಮುಗಿದ ಮೇಲೆ ಗೊತ್ತಿಲ್ಲದವರಿಂದ ಹಾಯ್ ಅಂತ ಬರೋಕೆ ಶುರುವಾಗುತ್ತೆ. ದೊಡ್ಡ ಗ್ರೂಪ್ ಬೇಡ.

ಇನ್ನು ನೀಲಿ ಗೆರೆ ನೋಡಿ ಲೆಕ್ಕ ಹಾಕಬೇಡಿ. ಅದನ್ನು ಆಫ್ ಮಾಡಿಟ್ಟವರು ಎಷ್ಟೋ ಜನ. ಓದಿದ್ದರೂ ಬೂದು ಬಣ್ಣದಲ್ಲೇ ಇರುತ್ತೆ.

ಎಲ್ಲಕ್ಕಿಂತ ಮುಖ್ಯ, ಮದುವೆ ಪತ್ರಿಕೆ ಅಂತ ಹೇಳಿ ಎಪಿಕೆ ಫೈಲ್ ಕಳಿಸುವ ಮೋಸ ಶುರುವಾಗಿದೆ. 2024ರಲ್ಲಿ ಹಿಮಾಚಲ ಪ್ರದೇಶದ ಪೊಲೀಸರು ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದ್ದರು, ಆಮೇಲೆ ಬೇರೆ ಕಡೆಯೂ ಕೇಸ್ ಆಗಿವೆ. ಪತ್ರಿಕೆ ಅಂದರೆ ಫೋಟೋ, ವಿಡಿಯೋ ಇಲ್ಲಾ ಪಿಡಿಎಫ್. ಹೆಸರಿನ ಕೊನೆಗೆ ಎಪಿಕೆ ಅಂತ ಇದ್ದರೆ ಅದು ಆ್ಯಪ್, ಪತ್ರಿಕೆಯಲ್ಲ. ಇನ್‌ಸ್ಟಾಲ್ ಮಾಡಿ ಕೇಳಿದ್ದಕ್ಕೆಲ್ಲ ಒಪ್ಪಿಗೆ ಕೊಟ್ಟರೆ ಮೆಸೇಜ್ ಓದುತ್ತೆ, ಓಟಿಪಿ ಕದಿಯುತ್ತೆ, ಬ್ಯಾಂಕಿನಲ್ಲಿ ಇರುವುದೆಲ್ಲ ಹೋಗುತ್ತೆ. ನಮ್ಮ ಬೀದಿಯ ಒಬ್ಬ ಮೇಷ್ಟ್ರು ಯಾರದೋ ಮದುವೆ, ತಪ್ಪಿಸಿಕೊಳ್ಳಬಾರದು ಅಂತ ಒತ್ತಿ ಕೂತಿದ್ದರು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ನಿಮ್ಮ ನೆಂಟರಲ್ಲಿ ಯಾರಾದರೂ "ಗೊತ್ತಿಲ್ಲದ ಫೈಲ್ ಒತ್ತಬೇಡ ಅಂತ ಮಗ ಹೇಳಿದ್ದಾನೆ" ಅಂತ ನಿಮ್ಮ ಪತ್ರಿಕೆ ತೆರೆದೇ ಇಲ್ಲದೇ ಇದ್ದರೆ ಅವರನ್ನು ಬೈಯಬೇಡಿ, ಅವರೇ ಜಾಣರು.

ಉತ್ತರ: ಸ್ಯಾನ್ ಹೋಸೆ ಕನ್ನಡಿಗ

ನಾನು ಕ್ಯಾಲಿಫೋರ್ನಿಯಾದಲ್ಲಿರುವವನು. ನಮಗೆ ಬರುವುದೆಲ್ಲ ವಾಟ್ಸಾಪ್ ಕರೆಯೋಲೆಗಳೇ, ಜೊತೆಗೆ ಯೂಟ್ಯೂಬ್ ಲೈವ್ ಲಿಂಕ್. 2020ರಲ್ಲಿ ಮದುವೆಗೆ 50 ಜನ ಮಾತ್ರ ಅಂತ ನಿಯಮ ಬಂದಾಗ ಶುರುವಾದದ್ದು ಇದು, ಆಮೇಲೆ ನಿಲ್ಲಲೇ ಇಲ್ಲ. ಮೇ ತಿಂಗಳಲ್ಲಿ ಅಲ್ಲಿ ಬೆಳಿಗ್ಗೆ ಒಂಬತ್ತೂವರೆಗೆ ಮುಹೂರ್ತ ಅಂದರೆ ನಮಗೆ ಹಿಂದಿನ ರಾತ್ರಿ ಒಂಬತ್ತು ಗಂಟೆ. ಮಕ್ಕಳನ್ನು ಮಲಗಿಸಿ ಟಿವಿಗೆ ಹಾಕಿಕೊಂಡು ಕೂರುತ್ತೇವೆ. ಧಾರೆ ಸರಿಯಾಗಿ ಕಾಣುವುದಿಲ್ಲ ಬಿಡಿ. ಫೋಟೋ ತೆಗೆಯುವವರ ಬೆನ್ನು ಕಾಣುತ್ತೆ.

ನನಗೆ ಬೇಜಾರಾಗುವುದು ಕಳಿಸಿದ ರೀತಿಗೆ. ಮೇಲೆ "ಫಾರ್ವರ್ಡೆಡ್" ಅಂತ ಬರೆದುಕೊಂಡು ಬಂದ ಪತ್ರಿಕೆ, ಒಂದು ಅಕ್ಷರ ಟೈಪ್ ಮಾಡಿಲ್ಲ. ಜೊತೆಯಲ್ಲಿ ಓದಿದ ಗೆಳೆಯ! ಬರುವುದಿಲ್ಲ ಅಂತ ಅವನಿಗೂ ಗೊತ್ತು, ನನಗೂ ಗೊತ್ತು. "ನೀನು ಬರಲ್ಲ ಕಣೋ, ಆದರೂ ಕರೀತಿದೀನಿ" ಅಂತ ಒಂದು ಸಾಲು ಹಾಕಿದ್ದರೆ ಆಗುತ್ತಿತ್ತು. ಎರಡು ನಿಮಿಷದ ಕೆಲಸ.

ಅಂದಹಾಗೆ, ಲೈವ್ ಲಿಂಕ್ ಕೊಡುವುದಾದರೆ ಅದನ್ನು ಊರಿನವರ ಗ್ರೂಪಿಗೆ ಹಾಕಬೇಡಿ. ಲಿಂಕ್ ಇದೆ ಅಂದರೆ ಬೆಂಗಳೂರಿನವರೂ ಮನೆಯಲ್ಲೇ ಕೂತು ನೋಡಿ ಮುಗಿಸುತ್ತಾರೆ. ನಮ್ಮ ಅಕ್ಕ ಹಾಗೇ ಮಾಡಿದ್ದಾಳೆ, ಕೇಳಿದರೆ "ನೋಡಿದೆನಲ್ಲ" ಅಂತಾಳೆ.

ಉತ್ತರ: ಹಾವೇರಿ ಮಂದಿ

ಕ್ಯೂಆರ್ ಬಗ್ಗೆ ಯಾರೂ ಮಾತೇ ಎತ್ತಲಿಲ್ಲ. ನಮ್ಮ ಕಡೆ ಅದಕ್ಕ ಆಯೇರಿ ಅಂತಾರ, ನಿಮ್ಮ ಕಡೆ ಮುಯ್ಯಿ. ನಮ್ಮೂರಲ್ಲಿ ಈಗಲೂ ಒಬ್ಬ ಹಿರಿಯರು ವಹಿ ಹಿಡಿದು ಕೂರುತ್ತಾರೆ, ಯಾರು ಎಷ್ಟು ಕೊಟ್ಟರು ಅಂತ ಬರೆದುಕೊಂಡು ಮೈಕಿನಲ್ಲಿ ಕೂಗುತ್ತಾರೆ. ಬೆಂಗಳೂರಿನ ನನ್ನ ಗೆಳೆಯರಿಗೆ ಅದು ನಾಚಿಕೆಗೇಡು. ನಮಗೆ ಅದು ಲೆಕ್ಕ. ಇವತ್ತು ಅವರು 501 ಕೊಟ್ಟರೆ ನಾಳೆ ಅವರ ಮನೆಯ ಮದುವೆಗೆ ಆ ವಹಿ ತೆಗೆದು ನೋಡಿ ಅದಕ್ಕಿಂತ ಒಂದು ಕೈ ಜಾಸ್ತಿ ಕೊಡಬೇಕು. ಬಡವರ ಮನೆಯ ಮದುವೆ ಎದ್ದು ನಿಲ್ಲುವುದೇ ಹೀಗೆ. ಬಡ್ಡಿ ಇಲ್ಲದ ಸಾಲ ಅದು.

ಹೋದ ಸಲ ನಮ್ಮ ತಮ್ಮನ ಲಗ್ನದಲ್ಲಿ ಕ್ಯೂಆರ್ ಇಟ್ಟಿದ್ದೆವು. ಮರ್ಯಾದೆ ಏನೂ ಹೋಗಲಿಲ್ಲ, ವಯಸ್ಸಾದವರೂ ಸ್ಕ್ಯಾನ್ ಮಾಡಿದರು. ತೊಂದರೆ ಬಂದದ್ದು ಆಮೇಲೆ. ಸ್ಟೇಟ್‌ಮೆಂಟ್ ತೆಗೆದು ನೋಡಿದರೆ ಯಾರ ಹಣ ಯಾರದು ಅಂತಲೇ ಗೊತ್ತಾಗಲಿಲ್ಲ. ಒಬ್ಬರು ಮಗನ ಫೋನಿಂದ ಹಾಕಿದ್ದಾರೆ, ಆ ಮಗನ ಹೆಸರು ನಮಗೆ ಗೊತ್ತಿಲ್ಲ. ಇನ್ನೊಬ್ಬರದು ಗೊಬ್ಬರದ ಅಂಗಡಿ ಹೆಸರಲ್ಲಿ ಬಂದಿದೆ. ಒಂದು ಬರೇ ಇನಿಷಿಯಲ್ಲು, ಎರಡು ಅಕ್ಷರ. ಅಪ್ಪ ವಹಿ ಹಿಡಿದು ಕೂತು "ಯಾರಿಗೆ ತಿರುಗಿ ಕೊಡಬೇಕು ಅಂತ ಗೊತ್ತಿಲ್ಲದ ರೊಕ್ಕ ತಗೊಂಡು ಏನು ಮಾಡಲಿ?" ಅಂತ ಕೇಳಿದ. ಅದರ ಜೊತೆ ಹಣ ಹೋಗಿದ್ದು ತಮ್ಮನ ಸಂಬಳದ ಅಕೌಂಟಿಗೆ. ರಾತ್ರಿ ಹನ್ನೊಂದಕ್ಕೆ ಬಾಜಾಬಜಂತ್ರಿಯವರು, ಪಾತ್ರೆಯವರು, ಲೈಟಿನವರು ರೊಕ್ಕ ಕೊಡಿ ಅಂತ ನಿಂತರೆ ಅಪ್ಪನ ಕೈ ಖಾಲಿ, ತಮ್ಮ ಅಲಂಕಾರದ ಕೋಣೆಯಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದಾನೆ.

ಇಡುವುದಾದರೆ ಇಡಿ, ಆದರೆ ಪತ್ರಿಕೆಯಲ್ಲಿ ಅಚ್ಚು ಹಾಕಿಸಬೇಡಿ, ಕರೆಯುವ ಮುಂಚೆ ಕೈ ಚಾಚಿದ ಹಾಗೆ ಕಾಣುತ್ತೆ. ಛತ್ರದಲ್ಲಿ ವಹಿ ಬರೆಯುವವರ ಪಕ್ಕದಲ್ಲೇ ಒಂದು ಇರಲಿ, ಬೇರೆ ಎಲ್ಲೂ ಬೇಡ. ಕೋಡು ನಿಮ್ಮ ಅಪ್ಪನ ಖಾತೆಯದೇ ಇರಲಿ. ಸ್ಕ್ಯಾನ್ ಮಾಡಿದವರ ಹೆಸರು, ಊರು ಅಲ್ಲೇ ವಹಿಯಲ್ಲಿ ಬರೆಸಿ. ಪಾತ್ರೆಯವರಿಗೆ, ವಾಲಗದವರಿಗೆ ಕೊಡೋಕೆ ನಗದು ಹಿಂದಿನ ದಿನವೇ ಬ್ಯಾಂಕಿನಿಂದ ತೆಗೆದಿಟ್ಟುಕೊಳ್ಳಿ, ಮದುವೆ ಸೀಸನ್ನಿನಲ್ಲಿ ಎಟಿಎಂ ನಂಬಿಕೊಂಡು ಕೂರಬೇಡಿ.